ಮೂರನೆಯ ಕೂಗು

ಊಟದ ಬಿಡುವು. ಹಾಸನದ ಕೋರ್ಟಿನ ಹಿಂದಿನ ಬೆಂಚಿನಲ್ಲಿ
ಡೈರಿ ಬರೆಯಲು ಬಂದ ಲಾ ಕಾಲೇಜಿನ ಮಕ್ಕಳು.
ಅವರಲ್ಲೊಬ್ಬಳು, ದುದ್ದದ ಕಡೆಯವಳು, ಇಂದ್ರಾಣಿಯಂತೆ,
ಪೆನ್ನಿನ ಮುಚ್ಚಳ ಕಚ್ಚುತ್ತ ಕೇಳಿದಳು:
'ಸಾರ್, ಇದರಲ್ಲಿ ಬದುಕೋಕಾಗುತ್ತಾ?'

ಸಾರ್ ಅಂದದ್ದು ಯಾರಿಗೆ ಅಂತ ಹಿಂದೆ ತಿರುಗಿ ನೋಡಿದೆ.
ಗೋಡೆ ಇತ್ತು. ಗಡಿಯಾರ ಇತ್ತು, ಐದು ನಿಮಿಷ ಹಿಂದೆ.
ತಾಯಿ, ನಾನು ಬರೀ ದಲಾಯತ,
ಬಾಗಿಲಲ್ಲಿ ನಿಂತು ಹೆಸರು ಕೂಗುವವನು.
ಇಪ್ಪತ್ತೊಂಬತ್ತು ವರ್ಷ ಕೂಗಿದ್ದೇನೆ.
ಸತ್ತವರ ಹೆಸರೂ ಕೂಗಿದ್ದೇನೆ,
ವಾರಸುದಾರರು ಬಂದು 'ಹಾಜರ್' ಅಂದಿದ್ದಾರೆ.

ಬದುಕುವುದೋ?
ಮೊದಲ ವರ್ಷ ಬಸ್ ಚಾರ್ಜಿಗೂ ಆಗುವುದಿಲ್ಲ, ಸುಳ್ಳು ಯಾಕೆ.
ಸೀನಿಯರು ಕೊಡುವುದು ಕಡತ, ಬೈಗುಳ,
ಗೌರಿ ಹಬ್ಬಕ್ಕೆ ಒಂದು ಐನೂರು.
ಏಪ್ರಿಲ್ಲಿನ ಕರಿ ಕೋಟು ಬೆನ್ನಿಗೆ ಕಾದ ಕಾವಲಿ.
ಶಿರಸ್ತೇದಾರರ ಮುಂದೆ ನಿಂತೂ ನಿಂತೂ
ಕಾಲು ನಿಮ್ಮದೋ ಮೇಜಿನದೋ ಗೊತ್ತಾಗುವುದಿಲ್ಲ.
ಮನೆಯಲ್ಲಿ ಕೇಳುತ್ತಾರೆ, ಇವತ್ತೆಷ್ಟು ಸಿಕ್ಕಿತು?
ಒಂದು ವಾಯಿದೆ ಸಿಕ್ಕಿತು ಅನ್ನಬೇಕು, ನಗಬೇಕು.

ವಾಯಿದೆ ಅಂದರೆ ಬೇಸರ ಬೇಡ.
ವರ್ಷಕ್ಕೊಂದು ಸಲ ಬಾಗಿಲು ತೆರೆಯುವ ಅಮ್ಮನ ಊರು ಇದು;
ನಮ್ಮ ಬಾಗಿಲು ಹನ್ನೊಂದಕ್ಕೆ ತೆರೆಯುತ್ತೆ,
ಅಮ್ಮನಿಗಿಂತ ಕೋರ್ಟಿಗೇ ದಯೆ ಜಾಸ್ತಿ.
ಹಾಗಂದವನು ನಾನಲ್ಲ, ಜೆರಾಕ್ಸ್ ಅಂಗಡಿಯ ಮುಕುಂದ.

ಒಬ್ಬ ಹುಡುಗನಿದ್ದ, ತೀರ್ಥಕುಮಾರ, ಅರಕಲಗೂಡಿನ ಕಡೆ.
ಅವನ ಮೊದಲ ಪಾಟೀಸವಾಲು.
ಎಪ್ಪತ್ತು ದಾಟಿದ ಮುದುಕಿ ಕಟಕಟೆ ಹಿಡಿದು ನಿಂತಿದ್ದಳು.
ಇವನು ಬರೆದುಕೊಂಡು ಬಂದದ್ದು ನಲವತ್ತು ಪ್ರಶ್ನೆ.
ಒಂದನೆಯದಕ್ಕೇ ಆಕೆ ಅಂದಳು:
'ಜೋರಾಗಿ ಕೇಳು ಮಗ, ನನಗಿಂತ ನೀನೇ ನಡುಗ್ತಿದ್ದೀಯ.'
ಹಾಲೆಲ್ಲ ನಕ್ಕಿತು. ಸಾಹೇಬರೂ ಕನ್ನಡಕ ಒರೆಸಿಕೊಂಡರು.
ಸಂಜೆ ವರಾಂಡದಲ್ಲಿ ಅವನ ಬಿಳಿ ಬ್ಯಾಂಡು,
ಬಿದ್ದದ್ದೋ ಬಿಸಾಕಿದ್ದೋ.
ಮನೆಗೆ ಒಯ್ದೆ. ನಮ್ಮವಳು ಗಂಜಿ ಹಾಕಿ ಇಸ್ತ್ರಿ ಮಾಡಿದಳು.
ಹನ್ನೆರಡು ದಿನ ನನ್ನ ಜೇಬಿನಲ್ಲೇ ಇತ್ತು.
ಹದಿಮೂರನೆಯ ದಿನ ಬಂದ, ಗಡ್ಡ ಬಿಟ್ಟುಕೊಂಡು,
ರಾಜೀನಾಮೆ ಯಾರಿಗೆ ಕೊಡಬೇಕು ಅಂದ.
ಈ ಕಸುಬಿಗೆ ಅದನ್ನು ತಗೊಳ್ಳುವವರೇ ಇಲ್ಲ ಕಣಯ್ಯ,
ಬ್ಯಾಂಡು ಕಟ್ಕೋ, ನಿನ್ನ ಕೇಸು ಹದಿನೇಳನೆಯದು ಅಂದೆ.

ಗೆದ್ದನಾ? ಇಲ್ಲ. ಆ ದಾವೆ ಸೋತ.
ಮುದುಕಿಯೇ ಗೆದ್ದಳು, ನ್ಯಾಯವೂ ಅವಳ ಕಡೆಗೇ ಇತ್ತು.
ಆದರೆ ಮರುವರ್ಷ ಅವಳ ಸೊಸೆ ಬಂದಳು
ಜೀವನಾಂಶದ ಕಾಗದ ಮಡಿಚಿಟ್ಟುಕೊಂಡು:
'ನಡುಗೋ ಲಾಯರು ಎಲ್ಲವ್ರೆ? ನಮ್ಮತ್ತೆ ಅವರನ್ನೇ ಹಿಡಿ ಅಂದವ್ರೆ.'

ಬಿತ್ತನೆ ಆಲೂಗಡ್ಡೆ ಕೊಯ್ದಿದ್ದೀಯಲ್ಲ, ದುದ್ದದವಳು?
ಹೋಳು ಎಷ್ಟು ಚಿಕ್ಕದಾದರೂ ಸರಿ, ಒಂದು ಕಣ್ಣಿರಬೇಕು.
ಕೊಯ್ದ ಕಡೆ ಬೂದಿ ಹಚ್ಚಿ ಹೂಳುತ್ತೀರಿ.
ಇಲ್ಲೂ ಕೊಯ್ಯುತ್ತಾರೆ.
ಕಣ್ಣು ಉಳಿಸಿಕೊಳ್ಳಿ.

ಇನ್ನೊಂದು ಗುಟ್ಟು, ಡೈರಿಯಲ್ಲಿ ಬರೆಯಬೇಡಿ.
ಮೂರು ಸಲ ಕೂಗಬೇಕು, ಅದು ಪದ್ಧತಿ.
ಮೊದಲೆರಡು ಒಂದೇ ಉಸಿರಿಗೆ.
ಮೂರನೆಯದಕ್ಕೆ ಮುಂಚೆ ಸ್ವಲ್ಪ ಕೆಮ್ಮುತ್ತೇನೆ,
ಡವಾಲಿ ಸರಿಮಾಡಿಕೊಳ್ಳುತ್ತೇನೆ.
ಬಿ.ಎಂ. ರಸ್ತೆಯಲ್ಲಿ ಬಸ್ಸಿಳಿದ ಯಾರೋ
ಚಪ್ಪಲಿ ಕೈಲಿ ಹಿಡಿದು ಮೆಟ್ಟಿಲು ಹತ್ತುತ್ತಿರಬಹುದು,
ಕಕ್ಷಿದಾರನೋ, ಕಡತ ಮರೆತ ಜೂನಿಯರೋ.
ಎಷ್ಟೋ ಸಲ ಯಾರೂ ಇರುವುದಿಲ್ಲ.
ಆದರೂ ಕೆಮ್ಮುತ್ತೇನೆ.
ಮಾರ್ಚಿಗೆ ನನ್ನ ನಿವೃತ್ತಿ;
ಈ ಜಾಗಕ್ಕೆ ಬರುವ ಹುಡುಗನಿಗೂ ಕೆಮ್ಮು ಹೇಳಿಕೊಟ್ಟಿದ್ದೇನೆ.

ಗಂಟೆ ಆಯಿತು. ಏಳಿ, ಸಾಹೇಬರು ಬರುತ್ತಾರೆ.
ಇಂದ್ರಾಣಿ, ಆ ಮುಚ್ಚಳ ಬಾಯಿಂದ ತೆಗಿ, ತಾಯಿ.