ಮೈಲಿಗಳ ಕಾಲಂ

ಹೆಬ್ರಿಡೀಸ್ ದ್ವೀಪಗಳು, ೧೯೧೬

ಸರ್ಕಾರದ ಹೊಸ ಫಾರಂನಲ್ಲಿ
ರಸ್ತೆಯ ಮೈಲಿಗೊಂದು ಕಾಲಂ ಉಂಟು, ನೀರಿನ ಮೈಲಿಗಿಲ್ಲ.
ನರ್ಸ್ ಮೆಕಾಸ್ಕಿಲ್ ಪೆನ್ನು ಹಿಡಿದು ಕೇಳುತ್ತಾಳೆ:
ಟಾರ್ಕಿಲ್, ನಿನ್ನೆ ರಾತ್ರಿ ಎಷ್ಟು ದೂರ ಹೋದೆವು?

ಏನು ಹೇಳಲಿ. ಉಬ್ಬರದ ಜೊತೆ ಹೋದರೆ ಮೂರು,
ಇಳಿತಕ್ಕೆ ಎದುರಾಗಿ ಹುಟ್ಟು ಹಾಕಿದರೆ ಒಂಬತ್ತು.
ನಿನ್ನೆ ಇಳಿತ.
ಚೀಲವನ್ನು ತೊಡೆಯ ಮೇಲೆ ಕೂಸಿನಂತೆ ಅವುಚಿಕೊಂಡು
ಇನ್ನೊಂದು ಕೈಯಲ್ಲಿ ದೋಣಿಯ ನೀರು ಮೊಗೆದು ಚೆಲ್ಲುತ್ತಿದ್ದಳು,
ನನ್ನ ಹಳೇ ಟೀ ಡಬ್ಬಿಯಿಂದ.

ನಾವು ಮುಟ್ಟುವಷ್ಟರಲ್ಲಿ ಒಯ್ರಿಕ್‌ಗೆ ಮಗು ಆಗಿಬಿಟ್ಟಿತ್ತು.
ಗಂಡು. ಅಳುತ್ತಿತ್ತು, ಕೇಳಿಸಿಕೊಳ್ಳಲು ಯಾರಿಗೂ ಪುರುಸೊತ್ತಿಲ್ಲ.
ಮಾಸು ಬಿದ್ದಿರಲಿಲ್ಲ.
ಹುಲ್ಲಿನ ಹಾಸಿಗೆಯಿಂದ ನೆಲಕ್ಕೆ ತೊಟ್ಟಿಕ್ಕುವ ಸದ್ದು
ಬಾಗಿಲಾಚೆ ನಿಂತ ನನಗೂ ಕೇಳಿಸಿತು.
ಆ ಸದ್ದು ನನಗೆ ಗೊತ್ತು.

ಮರ್ಸಲಿಯ ಹೊತ್ತಿಗೆ ಈ ಫಾರಂ ಇರಲಿಲ್ಲ, ಈ ನರ್ಸೂ.
ಎರಡು ಗಿನಿ ಎಣಿಸಬಲ್ಲವರಿಗೆ ಡಾಕ್ಟರು.
ನಾನು ದೋಣಿ ನೀರಿಗಿಳಿಸಿದ್ದು ಮೂರು ದಿನದ ಮೇಲೆ,
ಉಬ್ಬರ ನೋಡಿಕೊಂಡು. ಅವಸರ ಏನಿತ್ತು.

ಮುದುಕಿ ಬೇಹಕ್ ದಿಂಬಿನಡಿ ಬೈಬಲ್ ಇಟ್ಟಿದ್ದಳು.
ನರ್ಸ್ ಅದನ್ನೆಳೆದು ಮಂಚದ ಕಾಲ ಕಡೆಗೆ ತುರುಕಿದಳು,
ಮೇಲೆರಡು ಒಣಗಿದ ಜೌಗುಮಣ್ಣಿನ ಹೆಂಟೆ;
ಮಂಚ ತಲೆಯ ಕಡೆ ಇಳಿಯಿತು, ಮುದುಕಿ ಬಾಯಿ ಮುಚ್ಚಿಕೊಂಡಳು.

ಮಾಸು ಬಂತು. ರಕ್ತ ನಿಲ್ಲಲಿಲ್ಲ.
ಒಂದು ಮುಷ್ಟಿ ಒಳಗೆ, ಒಂದು ಅಂಗೈ ಹೊಟ್ಟೆಯ ಮೇಲೆ,
ನಡುವೆ ಗರ್ಭವನ್ನು ಒತ್ತಿ ಹಿಡಿದಳು.
ಡಾಕ್ಟರು ಬರಬೇಕಾದರೂ ಮತ್ತೆ ಅದೇ ನೀರು.
ಹೋಗು ಅನ್ನಲಿಲ್ಲ. ಎಣಿಸು, ಅಂದಳು.
ನೂರು ಎಣಿಸಿದೆ, ಮತ್ತೆ ನೂರು, ಮತ್ತೆ,
ಹುಟ್ಟು ಹಾಕುವ ಲಯದಲ್ಲೇ. ಬೇರೆ ಲಯ ನನಗೆ ಬಾರದು.
ಎಷ್ಟನೆಯ ನೂರಿನಲ್ಲೋ
ಒಯ್ರಿಕ್ ಚಳಿ ಎಂದಳು, ಸಿಡುಕಿನಿಂದ.
ಅಷ್ಟು ಚಂದದ ಸಿಡುಕನ್ನು ನಾನು ಕೇಳಿಲ್ಲ.

ಬೆಳಗಿಗೆ ಬೇಹಕ್ ಟೀ ತಂದಳು.
ನನ್ನ ಬೆರಳು ಹುಟ್ಟಿನ ಹಿಡಿಗೆ ಬಾಗಿ ಹಾಗೇ ನಿಂತಿದ್ದವು,
ನರ್ಸಿನವೂ ಬಿಚ್ಚಲೊಲ್ಲವು.
ಮುದುಕಿಯೇ ಲೋಟ ಎತ್ತಿ ಕುಡಿಸಿದಳು,
ಬಾಣಂತಿಗೆ ಮೊದಲು, ಆಮೇಲೆ ನಮಗೆ.
ಹೆರಿಗೆ ಅಂದರೆ ಮರುಹುಟ್ಟು ಅನ್ನುತ್ತಾರೆ.
ಎಷ್ಟು ಜನರದ್ದು ಅಂತ ಹೇಳುವುದಿಲ್ಲ.

ಒಂಬತ್ತು ಅಂತ ಬರಿ, ಅಂದೆ.
ಬರೆದಳು. 'ರಸ್ತೆ' ಎಂಬುದನ್ನು ಹೊಡೆದು
ಪಕ್ಕದಲ್ಲಿ ಸಣ್ಣಗೆ 'ನೀರು' ಸೇರಿಸಿದಳು.
ಸಂದಾಯ: ಆರು ಮೊಟ್ಟೆ.
ಒಂದು ದೋಣಿಯಲ್ಲೇ ಒಡೆಯಿತು; ಅದಕ್ಕೂ ಕಾಲಂ ಇಲ್ಲ.