ಏಳೋ, ಒಂದೋ

ಮಂಡಕ್ಕಿ ಭಟ್ಟಿಯ ಬಾಗಿಲ ಹಿಂದೆ
ಇದ್ದಿಲಲ್ಲಿ ಗೀಚಿದ ಹತ್ತಂಕಿ.
ಕೊನೆಯದು ಏಳೋ, ಒಂದೋ,
ನನಗೂ ಖಾಜಾಬಿಗೂ ಮುಗಿಯದ ತಕರಾರು.

ಬೂದಿ ಇಲಿಪಾಷಾಣ ನೆಕ್ಕಿದ ರಾತ್ರಿ
ಬಾಗಿಲು ಖಾಲಿ ಇತ್ತು.
ದೊಡ್ಡಾಸ್ಪತ್ರೆ ಗೇಟಿನವ ಅಂದ: ಇದು ಮನುಷ್ಯರದ್ದು.
ದನದಾಸ್ಪತ್ರೆಗೆ ಬೀಗ; ಬೀಗದ ಮೇಲೊಂದು ಹಲ್ಲಿ.
ಆಟೋ ದಾವಣಗೆರೆಯನ್ನೆಲ್ಲ ಸುತ್ತಿತು,
ಯಾವ ಸರ್ಕಲ್ಲಿನಲ್ಲಿ ನನ್ನ ತೊಡೆ ತಣ್ಣಗಾಯಿತೋ
ಇವತ್ತಿಗೂ ತಿಳಿಯದು.

ಆಮೇಲೆ ನಾಯಿ ಸಾಕಲಿಲ್ಲ. ಸಾಮಾನು ಮಾತ್ರ ಸಾಕಿದೆ:
ಮುಚ್ಚಳದ ಬುಟ್ಟಿ, ಹಳೇ ಲುಂಗಿ,
ಕಚ್ಚದಂತೆ ಕಟ್ಟಲು ಸೀರೆಯ ಅಂಚು,
ಸಾಸಿವೆ ಡಬ್ಬಿಯಲ್ಲಿ ಐನೂರರ ನೋಟು
(ಎರಡು ಸಲ ಸಾಲಕ್ಕೆ ಹೋಗಿ ಬಂತು).
ಉಪ್ಪುನೀರು ಕುಡಿಸಬೇಡ, ತಿಂದದ್ದರ ಪೊಟ್ಟಣ ಎಸೆಯಬೇಡ,
ಡಾಕ್ಟರಮ್ಮನ ಈ ಮಾತು
ಓಣಿಗೆಲ್ಲ ಬೈಗುಳದಂತೆ ಹಂಚಿದೆ.

ನಿನ್ನೆ ರಾತ್ರಿ ಎರಡಕ್ಕೆ ಕೆಂಚವ್ವನ ಮೊಮ್ಮಗಳು:
ಸ್ಕೂಲ್ ಬ್ಯಾಗಲ್ಲಿ ಬೆಕ್ಕು, ಕೈಯಲ್ಲಿ ಹರಿದ ಪೊಟ್ಟಣ.
ಏಳು ಒತ್ತಿದೆ. ಹರಿಹರದ ಯಾರೋ ನಿದ್ದೆಗಣ್ಣಲ್ಲೇ ಉಗಿದ.
ಒಂದು ಒತ್ತಿದೆ.
"ತೂಕ ಎಷ್ಟು?" ಅಂದರು ಡಾಕ್ಟರಮ್ಮ.
ಖಾಜಾಬಿ ಆಗಲೇ ತಕ್ಕಡಿಯ ಮಂಡಕ್ಕಿ ನೆಲಕ್ಕೆ ಸುರಿದು
ಬೆಕ್ಕನ್ನು ಕೂರಿಸಿದ್ದಳು.