ನಗದು ಮಾತ್ರ

ನಮ್ಮ ಮನೆಯಲ್ಲಿ ಒಂಬತ್ತು ಕಾರ್ಡು, ಒಂದೇ ಖಾತೆ.
ಮದುವೆಯಾದ ಮೂರನೇ ವಾರ, ಮಿಲ್ವಾಕಿಯ ಬ್ಯಾಂಕಿನಲ್ಲಿ,
ಸರಪಳಿ ಕಟ್ಟಿದ ಒಂದೇ ಪೆನ್ನಿನಿಂದ
ಸರದಿಯಂತೆ ಸಹಿ ಹಾಕಿದೆವು.
ನಿಂದು ನಂದು ಅನ್ನೋ ಗೋಜೇ ಬೇಡ, ಅಂದೆ.
ಬೇಡ, ಅಂದಳು ಶಾಂಭವಿ,
ಪೆನ್ನಿನ ಸರಪಳಿಯನ್ನೇ ನೋಡುತ್ತಾ.

ಅಂದಿನಿಂದ ಲೆಕ್ಕ ನನ್ನದು.
ಹಸಿರು ದಿನಸಿಗೆ, ಡಾಲರಿಗೆ ಆರು ಪಾಯಿಂಟು.
ಕೆಂಪು ಪೆಟ್ರೋಲಿಗೆ, ಕಪ್ಪು ಹೊರಗಿನ ಊಟಕ್ಕೆ.
ನೀಲಿಯೊಂದು ಮಾತ್ರ
ಮೂರು ತಿಂಗಳಿಗೊಮ್ಮೆ ಮನೆ ಬದಲಿಸುವ ಗ್ರಹ:
ಈಗ ಔಷಧಿ ಅಂಗಡಿಯಲ್ಲಿ ಉಚ್ಚ,
ಏಪ್ರಿಲ್ ಹುಟ್ಟಿದರೆ ಹಾರ್ಡ್‌ವೇರ್ ಅಂಗಡಿಗೆ ಸಂಚಾರ.
ಅವಳಿಗೆ ಗೊಂದಲವಾಗದಿರಲೆಂದು
ಕಾಗದದ ಟೇಪು ಅಂಟಿಸಿ ಕನ್ನಡದಲ್ಲಿ ಬರೆದುಕೊಟ್ಟೆ:
ಅಕ್ಕಿಬೇಳೆ. ಹೋಟ್ಲು. ಎಣ್ಣೆ.
(ಎಣ್ಣೆ ಅಂದರೆ ಕಾರಿಗೆ.)
ಕೌಂಟರಿನ ಹುಡುಗಿ ತಿರುಗಿಸಿ ನೋಡಿ ಕೇಳಿದಳಂತೆ,
ಇದೇನು, ಬಳ್ಳಿಯ ಚಿತ್ರವೇ?
ಹೌದು, ಅಂದಳಂತೆ ಇವಳು, ನನ್ನ ಗಂಡ ಬಿಡಿಸಿದ್ದು.

ಹೊಸ ಕಾರ್ಡಿಗೆ ಅವಳನ್ನು ಕರೆಯುವವನೂ ನಾನೇ.
ಒಂದೇ ಸೋಫಾ, ನಡುವೆ ಒಂದು ದಿಂಬು.
ಅವಳ ಫೋನು ಟಿಣ್ ಅನ್ನುತ್ತದೆ:
ನಿಮ್ಮ ಪರಿಚಿತರೊಬ್ಬರು ನಿಮ್ಮನ್ನು ಶಿಫಾರಸು ಮಾಡಿದ್ದಾರೆ.
ಯಾರಪ್ಪಾ ಈ ಪರಿಚಿತರು, ಅನ್ನುತ್ತಾಳೆ
ದಿಂಬಿನ ಆಚೆಯಿಂದ.
ಅದಕ್ಕೂ ನನಗೆ ಇಪ್ಪತ್ತು ಸಾವಿರ ಪಾಯಿಂಟು.

ಒಂದು ಮಾತು ಹೇಳಿಬಿಡುತ್ತೇನೆ.
ಹೋದ ನವೆಂಬರಿನಲ್ಲಿ ಅವಳ ಬಲಗಡೆಯ ದವಡೆಹಲ್ಲು ಸೀಳಿತು.
ಮೂರು ತಿಂಗಳಲ್ಲಿ ನಾಲ್ಕು ಸಾವಿರ ಖರ್ಚು ಮಾಡಿದರೆ
ಬೋನಸ್ಸು ಕೊಡುವ ಕಾರ್ಡು ಆಗ ಅಂಚೆಯಲ್ಲಿತ್ತು.
ಇನ್ನೊಂದು ನಾಲ್ಕು ದಿನ, ಅಂದೆ.
ಹನ್ನೊಂದು ದಿನ ಅವಳು ಎಡಗಡೆಯಲ್ಲೇ ಅಗಿದಳು.
ಗಂಜಿ, ಮತ್ತೆ ಗಂಜಿ.
ಲಕೋಟೆ ಬಂದಾಗ ಹಿಮದಲ್ಲಿ ಚಪ್ಪಲಿಯಲ್ಲೇ ಓಡಿಹೋಗಿ ತಂದೆ.
ಆ ಒಂದು ಹಲ್ಲಿನಿಂದ
ಇಬ್ಬರೂ ಸಾನ್ ಡಿಯಾಗೋ ನೋಡಿಬಂದೆವು.
ಕಿಟಕಿ ಪಕ್ಕದ ಸೀಟು ಅವಳದು.
ವಿಮಾನದಲ್ಲಿ ಬಾದಾಮಿ ಕೊಟ್ಟರು;
ಅವಳು ಎಡಗಡೆಯಲ್ಲೇ ಅಗಿದಳು. ಅಭ್ಯಾಸ, ಅಂದಳು.

ಈಗ ಫೆಬ್ರವರಿ. ಸರೋವರದ ಗಾಳಿ ಕಿವಿ ಕೀಳುತ್ತದೆ.
ಅವಳ ಬೂಟಿನ ಜಿಪ್ಪು ಕಿತ್ತುಬಂದು
ಲಿಂಕನ್ ಅವೆನ್ಯೂದ ರಿಪೇರಿ ಅಂಗಡಿಗೆ ಹೋದೆವು.
ಪೋಲಿಷ್ ಮುದುಕ, ಮೂಗಿನ ತುದಿಗೆ ಜಾರಿದ ಕನ್ನಡಕ,
ಕುಂಟುವ ಕರುವಿನ ಕಾಲು ನೋಡುವಂತೆ
ಬೂಟನ್ನು ತಿರುಗಿಸಿ ತಿರುಗಿಸಿ ನೋಡಿದ.
ಮೂವತ್ತನಾಲ್ಕು.
ನಾನು ಪರ್ಸು ತೆರೆದು ಯೋಚಿಸಿದೆ, ರಿಪೇರಿಗೆ ಯಾವ ಬಣ್ಣ?
ಅವನು ಗೋಡೆಯ ಮೇಲಿನ ರಟ್ಟು ತೋರಿಸಿದ:
ನಗದು ಮಾತ್ರ.

ಒಂಬತ್ತು ಕಾರ್ಡು; ಬಿಡಿಗಾಸಿಲ್ಲ.
ಆ ಚಳಿಯಲ್ಲೂ ಕತ್ತು ಬೆವರಿತು.
ಶಾಂಭವಿ ಕನ್ನಡಕದ ಡಬ್ಬಿ ತೆರೆದಳು,
ಒರೆಸುವ ಬಟ್ಟೆಯನ್ನು ಎತ್ತಿದಳು,
ಎಂಟಾಗಿ ಮಡಿಸಿದ ನೋಟು ಬಿಡಿಸಿ
ಬೆರಳಿಗೆ ಉಗುಳು ತಾಗಿಸಿ ಎಣಿಸಿದಳು,
ನಾನೆಂದೂ ಕಂಡಿರದ ಸಲೀಸಿನಲ್ಲಿ.

ಕಾರಿನಲ್ಲಿ ಕೇಳಿದೆ, ಎಲ್ಲಿಯದು?
ಸೀರೆಗೆ ಫಾಲ್ ಹಚ್ಚಿಕೊಡ್ತೀನಲ್ಲ, ಒಂದಕ್ಕೆ ಹನ್ನೆರಡು.
ಮಷೀನಿನ ಸದ್ದು ಕೇಳಿದ್ದೆ.
ಹೊತ್ತು ಹೋಗಲಿಕ್ಕೆ ಅಂದುಕೊಂಡಿದ್ದೆ.
ಎಷ್ಟಿದೆ?
ಇದೆ, ಅಂದಳು.
ಹೀಟರಿನ ಬಾಯನ್ನು ತನ್ನ ಕಾಲಿನ ಕಡೆ ತಿರುಗಿಸಿಕೊಂಡಳು.

ರಾತ್ರಿ ಲೆಕ್ಕದ ಹಾಳೆಗೆ ಹೊಸ ಸಾಲು ಸೇರಿಸಿದೆ.
ಬೂಟು, ಮೂವತ್ತನಾಲ್ಕು. ಪಾಯಿಂಟು, ಸೊನ್ನೆ.
ಕೊಟ್ಟವರು ಯಾರು ಎಂಬ ಕಾಲಮ್ಮು
ನಮ್ಮ ಹಾಳೆಯಲ್ಲಿ ಇಲ್ಲವೇ ಇಲ್ಲ.
ಸಾಲನ್ನು ಅಳಿಸಿದೆ. ಮತ್ತೆ ಬರೆದೆ. ಅಳಿಸಿದೆ.
ಒಳಗೆ ಮಷೀನು ಓಡುತ್ತಿತ್ತು.
ನಿಂತಿತು.
ದಾರ ಕಚ್ಚಿ ಕಡಿಯುತ್ತಿರಬೇಕು,
ಎಡಗಡೆಯ ಹಲ್ಲಿನಲ್ಲಿ.